ಗಾಳಿಬೀಡಿನಲ್ಲಿ ನಾನು ಕಟ್ಟಿದ ಬಂದರು

ಗಾಳಿಬೀಡಿನಲ್ಲಿ ಸಮುದ್ರವಿಲ್ಲ ಎಂಬುದು ನನಗೂ ಗೊತ್ತು. ಆದರೂ ನಮ್ಮ ತೋಟದ ಕೆರೆಗೆ ಒಂದು ಪ್ರವಾಸಿ ಹಡಗಿನ ಟರ್ಮಿನಲ್ ಕಟ್ಟಲು ತೀರ್ಮಾನಿಸಿದೆ. ಕಾರಣವಿತ್ತು. ನನ್ನ ಹೆಂಡತಿ ಶಾರದೆ ನಡೆಸುವ ಹೋಂಸ್ಟೇಗೆ ಜನವೇ ಬರುತ್ತಿರಲಿಲ್ಲ. ಈ ಬೇಸಿಗೆಯೂ ಹೀಗೇ ಹೋದರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಅವಳು ಅತ್ತಿದ್ದಳು. ಅಷ್ಟರಲ್ಲಿ ನಿವೃತ್ತ ಹಡಗಿನ ಕ್ಯಾಪ್ಟನ್ ಒಬ್ಬರು ಕೋಣೆ ಕೇಳಿದರು. ಜಾಗ ಹಿಡಿಸಿದರೆ ಹಳೆಯ ಸಂಗಾತಿಗಳನ್ನೆಲ್ಲ ಕರೆತರುತ್ತಾರಂತೆ!

"ಕ್ಯಾಪ್ಟನ್ ಬರ್ತಾರೆ ಅಂದ್ಮೇಲೆ ಹಡಗುಕಟ್ಟೆ ಬೇಡ್ವಾ?" ಎಂದೆ.

"ಅವರಿಗೆ ಬೇಕಾಗಿರೋದು ಬಿಸಿನೀರು ರೀ. ಗೀಸರ್ ಕೆಟ್ಟು ತಿಂಗಳಾಯ್ತು, ಮೊದಲು ಅದನ್ನ ರಿಪೇರಿ ಮಾಡಿಸಿ."

ದೂರದೃಷ್ಟಿ ಇಲ್ಲದವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಅವಳ ಬಟ್ಟೆ ಒಗೆಯುವ ಕಲ್ಲನ್ನು ಕೀಳಿಸಿ, ಅಲ್ಲಿಂದ ನೀರಿನ ಮೇಲಕ್ಕೆ ಮರದ ಹಲಗೆಗಳ ಕಟ್ಟೆ ಚಾಚಿಸಿದೆ. 'ಆಗಮನ', 'ನಿರ್ಗಮನ' ಎಂದು ಎರಡು ಬೋರ್ಡು ನೆಟ್ಟೆ. ಎರಡರ ನಡುವೆ ಆರೇ ಅಡಿ!

ದೋಣಿ ತರಲು ಮಂಗಳೂರಿಗೆ ಹೊರಟೆ. ಕಾಫಿ ಹೂವಾಗಲು ಬೇಕಾದ ಹೂಮಳೆ ಇನ್ನೂ ಬಿದ್ದಿರಲಿಲ್ಲ. ಹೊರಡುವಾಗ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ರಾಜಣ್ಣನಿಗೆ ಗತ್ತಿನಿಂದ ಹೇಳಿದೆ: "ಮಳೆ ನಂಬ್ಕೊಂಡು ಕೂರ್ಬೇಡ. ಇವತ್ತೇ ಸ್ಪ್ರಿಂಕ್ಲರ್ ಶುರು ಮಾಡು. ಒಂದು ಗಿಡಾನೂ ಬಿಡಬಾರ್ದು!"

ದೋಣಿಗೆ ಬಣ್ಣ ಹೊಡೆಸುವುದರಲ್ಲಿ ಎರಡು ವಾರ ಹೋಯಿತು. ಅದನ್ನು ಜೀಪಿನ ತಲೆಯ ಮೇಲೆ ಹೇರಿಕೊಂಡು ಬರುವಷ್ಟರಲ್ಲಿ ಕ್ಯಾಪ್ಟನ್ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಕುಡಿದು ಮುಗಿಸಲೂ ಬಿಡದೆ ಅವರನ್ನು ಕಟ್ಟೆಯತ್ತ ಕರೆದುಕೊಂಡು ಹೋದೆ. ಶಾರದೆಯೂ ರಾಜಣ್ಣನೂ ಹಿಂದೆಯೇ ಬಂದರು.

ಕೆರೆಯಿತ್ತು. ನೀರಿರಲಿಲ್ಲ!

ಕೆಸರಿನ ಮೇಲೆ ನನ್ನ ಟರ್ಮಿನಲ್ ಒಣಗಿ ನಿಂತಿತ್ತು. 'ಆಗಮನ' ಬೋರ್ಡಿನ ಕೆಳಗೆ ಒಂದು ಕೊಕ್ಕರೆ ಮಾತ್ರ ಕಾಯುತ್ತಿತ್ತು.

"ನೀವೇ ಹೇಳಿದ್ದಲ್ವಾ ಸಾರ್? ಕೆರೆ ಖಾಲಿಯಾಗೋವರೆಗೂ ಪಂಪ್ ನಿಲ್ಲಿಸಿಲ್ಲ. ಒಂದು ಗಿಡಾನೂ ಬಿಟ್ಟಿಲ್ಲ!" ಎಂದ ರಾಜಣ್ಣ.

ಸ್ಪ್ರಿಂಕ್ಲರಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೂವತ್ತು ವರ್ಷ ಕಾಫಿ ಬೆಳೆದವನು ಮರೆತಿದ್ದೆ. ಶಾರದೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳ ಹೋಂಸ್ಟೇಯನ್ನು ನಾನೇ ಮುಳುಗಿಸಿದ್ದೆ, ಅದೂ ನೀರಿಲ್ಲದ ಕಡೆ.

ಕ್ಯಾಪ್ಟನ್ ಮಾತ್ರ ಕೆರೆಗೆ ಬೆನ್ನು ಹಾಕಿ ನಿಂತಿದ್ದರು. ಎದುರಿನ ಇಳಿಜಾರಿನ ತುಂಬ ಕಾಫಿ ಬೆಳ್ಳಗೆ ಅರಳಿ ಘಮಘಮಿಸುತ್ತಿತ್ತು.

"ನಲವತ್ತು ವರ್ಷ ಬರೀ ನೀರೇ ನೋಡಿದ್ದೀನಿ. ಅದು ಕಾಣದ ಜಾಗ ಹುಡುಕ್ಕೊಂಡೇ ಇಲ್ಲಿಗೆ ಬಂದದ್ದು. ಸ್ನೇಹಿತರನ್ನೆಲ್ಲ ಕರ್ಕೊಂಡು ಬರ್ತೀನಮ್ಮ," ಎಂದರು ಶಾರದೆಗೆ. "ಈಗ ಸ್ನಾನಕ್ಕೆ ಬಿಸಿನೀರು ಸಿಗುತ್ತಾ?"

ಶಾರದೆ ಕೊಡಲಿ ತಂದು ನನ್ನ ಕೈಗೆ ಕೊಟ್ಟಳು.

ಹಳೆಯ ಹಂಡೆಯ ಒಲೆಗೆ ಮೊದಲು ಬಿದ್ದದ್ದು 'ನಿರ್ಗಮನ' ಬೋರ್ಡು. ಬಹಳ ಚೆನ್ನಾಗಿ ಉರಿಯಿತು!