ಸಿದ್ದಲಿಂಗೇಶನ ನಕಲಿ ಗಿರಾಕಿಗಳು

"ಇಂಟರ್‌ನೆಟ್ಟಿನಾಗ ಬಿಟ್ಟಿ ಸಿಗಲಾರದ ಟೂಲ್ ಯಾವುದೈತಿ ತೋರ್ಸು, ಸುಮಾ! ನಿನ್ನ ರೊಟ್ಟಿ ಹಂಪಿ ದಾಟಿ ಹಡಗು ಹತ್ತಲಿಲ್ಲ ಅಂದ್ರ ನನ್ ಹೆಸರು ಸಿದ್ದಲಿಂಗೇಶ್ ಅಲ್ಲ!"

ಹೊಸಪೇಟೆಯ ಬಾಡಿಗೆ ಮನೆಯಲ್ಲಿ ಕೂತು ವೆಬ್‌ಸೈಟ್ ಕಟ್ಟಿಕೊಡುವ ಸಿದ್ದಲಿಂಗೇಶ ಹೀಗೆ ಘೋಷಿಸಿದಾಗ ಹೆಂಡತಿ ಸುಮಲತಾ ಜೋಳದ ಹಿಟ್ಟು ನಾದುತ್ತಿದ್ದಳು. ಖಡಕ್ ರೊಟ್ಟಿ ಮಾರುವುದು ಅವಳ ಹೊಸ ಉದ್ಯೋಗ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಅವಳ ಅಪ್ಪ ಮರುಳಸಿದ್ದಪ್ಪನವರಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. "ನಮ್ಮ ಮನಿತನದಾಗ ರೊಟ್ಟಿ ಬಡಿಸ್ತಾರ, ಮಾರಂಗಿಲ್ಲ" ಎಂದು ಮುಖ ತಿರುಗಿಸಿದ್ದರು. ಅವಳಿಗೆ ಬೇಕಿದ್ದದ್ದು ಹಡಗಲ್ಲ. ಅಪ್ಪನ ಬಾಯಿಂದ ಒಂದು "ಭೇಷ್".

ಸಿದ್ದಲಿಂಗೇಶ ರೊಟ್ಟಿಗೊಂದು ವೆಬ್‌ಸೈಟ್ ಕಟ್ಟಲು ಕೂತ. ಬಣ್ಣ ಆರಿಸಲು ಒಂದು ಟೂಲ್, ಫೋಟೊ ಕುಗ್ಗಿಸಲು ಇನ್ನೊಂದು, ತಪ್ಪು ಹುಡುಕಲು ಮತ್ತೊಂದು! ಕೊನೆಗೆ ಬ್ರಹ್ಮಾಸ್ತ್ರ: ಆರ್ಡರ್ ಫಾರಂ ಸರಿಯಿದೆಯೇ ಎಂದು ನೋಡಲು ನಕಲಿ ಗಿರಾಕಿಗಳನ್ನು ಹುಟ್ಟಿಸಿ ಆರ್ಡರ್ ಕಳಿಸುವ ಟೂಲ್. ಅದು ಕೊಟ್ಟ ಪರದೇಶದ ಹೆಸರುಗಳು ಅವನಿಗೆ ಹಿಡಿಸಲಿಲ್ಲ. ಎಮ್ಮಿಗನೂರಿನ ಪಂಪಾವತಿ, ಬಂಡ್ರಿಯ ಸುಂಕಪ್ಪ, ಗಾದಿಗನೂರಿನ ಹುಲುಗೇಶ್ ಎಂದು ತಾನೇ ತುಂಬಿದ. ಹೆಸರು ಸಾಲದೆ ಮಾವನನ್ನೂ ಸೇರಿಸಿದ. ಗುಂಡಿ ಒತ್ತಿ, ಹಂಪಿಯ ಹೋಮ್‌ಸ್ಟೇ ಒಂದರ ಕೆಲಸಕ್ಕೆಂದು ಬೈಕ್ ಹತ್ತಿದ. ಆರ್ಡರ್‌ಗಳೆಲ್ಲ ಹೆಂಡತಿಯ ವಾಟ್ಸಾಪಿಗೆ ಹೋಗುವಂತೆ ಮೊದಲೇ ಜೋಡಿಸಿಟ್ಟದ್ದು ಮಹಾಶಯನಿಗೆ ಮರೆತೇ ಹೋಗಿತ್ತು!

ಸಂಜೆ ಮರಳಿದರೆ ಮನೆತುಂಬ ಪಟಪಟ ಸದ್ದು. ಪಕ್ಕದ ಮನೆಯ ದುರ್ಗಕ್ಕ, ಎದುರು ಮನೆಯ ವಿರುಪಮ್ಮ ತಮ್ಮ ತಮ್ಮ ಹಂಚು ತಂದು ರೊಟ್ಟಿ ಬಡಿಯುತ್ತಿದ್ದರು. ಮಂಚದ ಮೇಲೆ ರೊಟ್ಟಿ, ಕಪಾಟಿನ ಮೇಲೆ ರೊಟ್ಟಿ!

"ಆರ್ಡರ್ ಮ್ಯಾಲ ಆರ್ಡರ್ ಬಂದಾವ್ರೀ!" ಎಂದಳು ಸುಮಲತಾ.

"ನಾ ಹೇಳಿದ್ದಿಲ್ಲೇನು? ದುರ್ಗಕ್ಕಾ, ಇದಕ್ಕ ಟೆಕ್ನಾಲಜಿ ಅಂತಾರ!" ಎಂದು ಸಿದ್ದಲಿಂಗೇಶ ಗತ್ತಿನಿಂದ ಕುರ್ಚಿಯಲ್ಲಿ ಕೂತ. ಕೆಳಗೆ ಪಟಾರನೆ ರೊಟ್ಟಿ ಮುರಿಯಿತು.

"ನಮ್ಮಪ್ಪಾರೂ ಇನ್ನೂರು ರೊಟ್ಟಿ ಹೇಳ್ಯಾರ್ರೀ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬಾಯ್ಬಿಟ್ಟು ಹೇಳಾಕ ಬಿಗುಮಾನ ಅವರಿಗೆ. ತಡೀರಿ, ಫೋನ್ ಹಚ್ತೀನಿ."

ಸಿದ್ದಲಿಂಗೇಶ ಕುರ್ಚಿಯಿಂದ ಜಿಗಿದೆದ್ದ. "ಬ್ಯಾಡ! ಬ್ಯಾಡ ಸುಮಾ! ಅವರೆಲ್ಲ... ನನ್ ಟೂಲ್ ಹುಟ್ಟಿಸಿದ ಗಿರಾಕಿಗಳು. ಸುಳ್ಳು ಗಿರಾಕಿಗಳು."

ಪಟಪಟ ನಿಂತಿತು.

"ಪಂಪಾವತಿನೂ ಸುಳ್ಳೇನ್ರಿ?" ದುರ್ಗಕ್ಕ ಬಾಯಿಮೇಲೆ ಕೈಯಿಟ್ಟಳು. "ಆಕಿಗಂತ ನಾ ಎಳ್ಳು ಜಾಸ್ತಿ ಹಚ್ಚೀನಲ್ಲ!"

"ಅಪ್ಪನ ಹೆಸರೂ ನೀವ ತುಂಬಿದ್ದಾ?" ಸುಮಲತಾ ಮೆಲ್ಲಗೆ ಕೇಳಿದಳು.

"ಹೂಂ."

ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿ ಅವನಿಗೆ ನಿಜಕ್ಕೂ ಸಂಕಟವಾಯಿತು.

ಬೆಳಗಾಗುತ್ತಲೇ ಸುಮಲತಾ ಬುಟ್ಟಿ ತಂದು ಅವನ ಮುಂದಿಟ್ಟಳು. "ಸುಳ್ಳು ಗಿರಾಕಿ ಕರ್ಕೊಂಬಂದೋರು ನೀವು. ಖರೇ ಗಿರಾಕೀನೂ ನೀವ ಕರ್ಕೊಂಬರ್ರಿ. ನಡೀರಿ, ನಾನೂ ಬರ್ತೀನಿ."

ಹೀಗೆ ವೆಬ್‌ಸೈಟ್ ತಜ್ಞರು ಬಸ್ ಸ್ಟ್ಯಾಂಡ್ ಎದುರು "ರೊಟ್ಟೀ, ಖಡಕ್ ರೊಟ್ಟೀ" ಎಂದು ಕೂಗುತ್ತ ನಿಂತರು. ಅಳಿಯ ಬುಟ್ಟಿ ಹೊತ್ತ ಸುದ್ದಿ ಯಾವ ಟೂಲಿನ ನೆರವೂ ಇಲ್ಲದೆ ಕಂಪ್ಲಿ ಮುಟ್ಟಿತು! ಮಧ್ಯಾಹ್ನದೊಳಗೆ ಮರುಳಸಿದ್ದಪ್ಪನವರು ಕೆಂಡದಂಥ ಮುಖ ಹೊತ್ತು ಕಾರಿನಿಂದಿಳಿದರು. ಅವರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಕೈಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಮುದುಕರು ಮುರಿದು ಬಾಯಿಗಿಟ್ಟರು. ಇನ್ನೊಂದು ತುಂಡು ಮುರಿದರು.

"ನಿಮ್ಮವ್ವನ ಕೈ ರುಚಿನ ಐತಲ್ಲವ್ವಾ ಇದ್ರಾಗ... ಭೇಷ್! ಇನ್ನೂರು ಕಟ್ಟು."

ಸುಮಲತಾ ಅಳುತ್ತಲೂ ನಗುತ್ತಲೂ ಕಟ್ಟತೊಡಗಿದಳು. ಮಾವ ಅಳಿಯನ ಕಡೆ ತಿರುಗಿದರು.

"ಏನ್ರಿ ಅಳಿಯಂದ್ರ, ಊರಿಗೆಲ್ಲ ವೆಬ್‌ಸೈಟ್ ಮಾಡ್ಕೊಡ್ತೀರಿ. ಮನಿ ರೊಟ್ಟಿಗೆ ಒಂದು ಇಲ್ಲೇನು?"

ಸಿದ್ದಲಿಂಗೇಶ ಹೆಂಡತಿಯ ಮುಖ ನೋಡಿದ. ಮೆಲ್ಲಗೆ ಬುಟ್ಟಿಯನ್ನು ತಲೆಗೇರಿಸಿಕೊಂಡ.

"ಇಲ್ರಿ ಮಾವಾರ. ಸದ್ಯಕ್ಕ ನಾನ ವೆಬ್‌ಸೈಟ್!"