ಎಡಗಡೆ ಸ್ವಲ್ಪ ಮಂದ

ಮೂರು ಜೊತೆ ಅಗ್ಗದ ಇಯರ್‌ಫೋನುಗಳು ಒಂದು ಖಾಕಿ ಲಕೋಟೆಯೊಳಗೆ ಕೂತು ಮ್ಯಾನೇಜರರ ಮೇಜಿಗೆ ಬಾರದೇ ಹೋಗಿದ್ದರೆ ಕಿವಿರಾಯನ ಗುಟ್ಟು ಇನ್ನೂ ಹತ್ತು ವರ್ಷ ಅವನ ಹೊಟ್ಟೆಯಲ್ಲೇ ಇರುತ್ತಿತ್ತು.

ಕಿವಿರಾಯ ಒಂದು ವಿಮಾ ಕಂಪನಿಯ ದೂರು ವಿಭಾಗದಲ್ಲಿ ಕೇಳುಗ. ಮನೆ ಸುಟ್ಟವರು, ಗಾಡಿ ಜಖಂ ಆದವರು, ಗಂಡನನ್ನು ಕಳೆದುಕೊಂಡವರು ಕಂಪನಿಗೆ ಫೋನ್ ಮಾಡಿ ಅತ್ತದ್ದು, ಬೈದದ್ದು ಎಲ್ಲ ರೆಕಾರ್ಡ್ ಆಗುತ್ತದೆ. ಅದನ್ನು ಕೇಳಿ, ಒಂದಕ್ಷರ ಬಿಡದೆ ಬರೆದಿಡುವುದು ಕೇಳುಗರ ಕೆಲಸ. ಅಂಥವರು ಹನ್ನೆರಡು ಜನ. ಗ್ರಾಹಕರ ದನಿ ಎಡಗಿವಿಗೆ, ಕಂಪನಿಯವರ ದನಿ ಬಲಗಿವಿಗೆ ಬರುವಂತೆ ಯಂತ್ರವನ್ನು ಹೊಂದಿಸಿದ್ದರು. ಇಬ್ಬರೂ ಒಟ್ಟಿಗೆ ಕೂಗಾಡಿದರೂ ಯಾರು ಏನಂದರೆಂದು ತಿಳಿಯಲಿ ಎಂದು ಈ ಏರ್ಪಾಟು.

ಹನ್ನೆರಡು ವರ್ಷಗಳ ಹಿಂದೆ ಒಂದು ರೆಕಾರ್ಡಿಂಗಿನಲ್ಲಿ, ತನ್ನ ಅಂಗಡಿ ಪೂರ್ತಿ ಸುಟ್ಟುಹೋಯಿತೆಂದು ಗೋಳಾಡುತ್ತಿದ್ದವನ ಹಿಂದೆ ಅದೇ ಅಂಗಡಿಯ ಹಿಟ್ಟಿನ ಯಂತ್ರ ಓಡುತ್ತಿದ್ದುದನ್ನು ಇವನು ಹಿಡಿದಿದ್ದ. ಅಂದಿನಿಂದ ಅವನಿಗೆ ಕಿವಿರಾಯ ಎಂಬ ಹೆಸರು ಅಂಟಿಕೊಂಡಿತು. ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಅಂಥ ಕಿವಿರಾಯನ ಎಡಗಿವಿ ಒಂದು ವರ್ಷದಿಂದ ಕೈಕೊಟ್ಟಿತ್ತು. ಕಂಬಳಿ ಹೊದ್ದು ಮಾತಾಡಿದ ಹಾಗೆ ಏನೋ ಗುಜುಗುಜು ಎನ್ನುತ್ತಿತ್ತು, ಅಷ್ಟೇ. ಕೇಳುಗರಿಗೆ ಎರಡೂ ಕಿವಿ ನೆಟ್ಟಗಿರಬೇಕು, ಇಲ್ಲವಾದರೆ ಆ ಕೆಲಸಕ್ಕೆ ಅನರ್ಹರು ಎಂದು ಕಂಪನಿಯ ನಿಯಮ. ಆದ್ದರಿಂದ ಅವನು ಎಲ್ಲರಿಗಿಂತ ಎರಡು ಗಂಟೆ ಮುಂಚೆ ಬಂದು ಪ್ರತಿ ರೆಕಾರ್ಡಿಂಗನ್ನೂ ಎರಡು ಸಲ ಕೇಳುತ್ತಿದ್ದ. ಒಂದು ಸಲ ಸರಿಯಾಗಿ ಹಾಕಿಕೊಂಡು ಕಂಪನಿಯವರ ಮಾತು. ಇನ್ನೊಂದು ಸಲ ಇಯರ್‌ಫೋನಿನ ಎಡದ ಗುಂಡಿಯನ್ನು ಬಲಗಿವಿಗೆ ತುರುಕಿ ಗ್ರಾಹಕರ ಮಾತು. ಕಿವಿ ಕೆಟ್ಟಮೇಲೂ ಯಾರ ಅಳುವಿನಲ್ಲೂ ಒಂದಕ್ಷರ ತಪ್ಪಿಸಿರಲಿಲ್ಲ. ಅದೊಂದು ಅವನಿಗೆ ಒಳಗೊಳಗೇ ಇದ್ದ ಹೆಮ್ಮೆ. ಹೇಳಿಕೊಳ್ಳುವಂತಿರಲಿಲ್ಲ ಎನ್ನುವುದು ಬೇರೆ ಮಾತು.

ಗುಟ್ಟು ಗೊತ್ತಿದ್ದವಳು ಹೆಂಡತಿ ಒಬ್ಬಳೇ.

"ರೀ, ಇವತ್ತು ಹೊಸ ಇಯರ್‌ಫೋನ್ ಪರೀಕ್ಷೆ ಅಂದ್ರಲ್ಲ. ಜ್ವರ ಅಂತ ರಜಾ ಹಾಕಿಬಿಡಿ," ಎಂದಳು ಬೆಳಗ್ಗೆ.

"ಯಾವುದು ಚೆನ್ನಾಗಿದೆ ಅಂತ ನಾನೇ ತೀರ್ಮಾನ ಮಾಡ್ಬೇಕಂತೆ ಕಣೆ. ನಾನೇ ಹೋಗದಿದ್ರೆ ಅನುಮಾನ ಬರತ್ತೆ."

"ಹಾಗಾದ್ರೆ ಮೂರೂ ಚೆನ್ನಾಗಿದೆ ಅಂದ್ಬಿಟ್ಟು ಎದ್ದು ಬನ್ನಿ. ಜಾಸ್ತಿ ಮಾತಾಡೋಕೆ ಹೋಗ್ಬೇಡಿ."

ಒಳ್ಳೆಯ ಸಲಹೆ. ಹೆಂಡತಿಯ ಒಳ್ಳೆಯ ಸಲಹೆಗಳಿಗೆಲ್ಲ ಆಗುವ ಗತಿಯೇ ಅದಕ್ಕೂ ಆಯಿತು.

ಹತ್ತು ಗಂಟೆಗೆ ಸಭೆಯ ಕೋಣೆಯಲ್ಲಿ ಉದ್ದ ಮೇಜಿನ ಮೇಲೆ ಕಪ್ಪು, ಕೆಂಪು, ಬಿಳಿ ಮೂರು ಜೊತೆ ಇಯರ್‌ಫೋನುಗಳನ್ನು ಸಾಲಾಗಿ ಮಲಗಿಸಿದ್ದರು. ಮೂರೂ ಬೇರೆ ಬೇರೆ ಕಂಪನಿಯವು, ಮೂರೂ ಐನೂರರ ಒಳಗಿನವು. ಕಿವಿರಾಯ ಬಗ್ಗಿ ನೋಡಿದ. ಮೂರಕ್ಕೂ ಕಿವಿಯ ಹಿಂದೆ ಸುತ್ತಿಕೊಳ್ಳುವ ಕೊಂಡಿಗಳಿದ್ದವು. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಅದಲು ಬದಲು ಮಾಡುವ ಹಾಗೇ ಇರಲಿಲ್ಲ.

"ಇದರ ಬೇಸ್, ಆ ಗುಮ್ಮೆನ್ನೋ ಸದ್ದು, ಕೇಳ್ಬೇಕು ಅಣ್ಣ ನೀವು," ಎಂದು ಸ್ಟೋರ್ ಕೀಪರ್ ಶುರು ಮಾಡಿದ. ಮಾದರಿಗಳನ್ನು ತರಿಸಿದವನು ಅವನೇ. ಅವನು ಕೇಳುಗನಲ್ಲ, ಆದರೂ ಮೂಗು ತೂರಿಸದೆ ಇರಲಾರ. ಊಟದ ಹೊತ್ತಿನಲ್ಲೆಲ್ಲ ಫೋನಿನಲ್ಲಿ ಇಯರ್‌ಫೋನುಗಳ ವಿಮರ್ಶೆ ನೋಡುತ್ತಾ ಕೂರುವವನಾದ್ದರಿಂದ ಎಲ್ಲರೂ ಅವನನ್ನು ಬೇಸಣ್ಣ ಎನ್ನುತ್ತಿದ್ದರು. "ಕಪ್ಪುದ್ದು ಗುಡುಗಿದ ಹಾಗೆ. ಕೆಂಪುದ್ದರಲ್ಲಿ ತಾಳದ ಸದ್ದೂ ಬಿಡಿಬಿಡಿಯಾಗಿ ಕೇಳತ್ತೆ. ಬಿಳೀದು, ಅದರ ಮಾತೇ ಬೇರೆ."

"ಇಲ್ಲಿ ಯಾರೂ ಹಾಡು ಕೇಳೋಕೆ ಕೂತಿಲ್ಲ," ಎಂದರು ಮ್ಯಾನೇಜರರು. "ಮಾತು ಸ್ಪಷ್ಟವಾಗಿ ಕೇಳಬೇಕು, ಅಷ್ಟೇ. ಕಿವಿರಾಯರೇ, ಶುರು ಮಾಡಿ."

ಹಾಕಿದ್ದು ಒಬ್ಬ ಹೆಂಗಸಿನ ಹಳೆಯ ರೆಕಾರ್ಡಿಂಗ್. ಅಡುಗೆಮನೆಗೆ ಬೆಂಕಿ ಬಿದ್ದ ಪ್ರಕರಣ. ಕಪ್ಪು ಇಯರ್‌ಫೋನನ್ನು ಏರಿಸಿಕೊಂಡರೆ ಬಲಗಡೆಯಿಂದ ಕಂಪನಿಯವನು, "ನಿಮ್ಮ ನೋವು ನಮಗೆ ಅರ್ಥ ಆಗತ್ತೆ ಮೇಡಂ, ಸ್ವಲ್ಪ ಲೈನಲ್ಲೇ ಇರಿ," ಎನ್ನುವುದು ಜೇನಿನಂತೆ ಸುರಿಯಿತು. ಎಡಗಡೆ ಗುಜುಗುಜು. ಮ್ಯಾನೇಜರರು ತನ್ನ ಮುಖವನ್ನೇ ನೋಡುತ್ತಿದ್ದಾರೆಂದು ಗೊತ್ತಾಗಿ, ಹೆಂಗಸಿನ ನಾಲ್ಕು ಮಾತಾದರೂ ಸಿಗಲಿ ಎಂದು ಕಿವಿರಾಯ ಮೇಜಿನ ಕೆಳಗೆ ಯಂತ್ರದ ತಿರುಪು ತಿರುಗಿಸಿ ಧ್ವನಿಯನ್ನು ಏರಿಸಿದ. ಇನ್ನೂ ಏರಿಸಿದ. ಕೊನೆಯ ಗೆರೆಗೆ ಮುಟ್ಟಿಸಿದ. ಬಲಗಿವಿಯಲ್ಲಿ ಕಂಪನಿಯವನ ಸಹಾನುಭೂತಿ ಮೊಳೆ ಹೊಡೆದಂತಾಯಿತು. ತಲೆದೂಗಿ, "ಚೆನ್ನಾಗಿದೆ," ಎಂದು ತೆಗೆದು ಪಕ್ಕದವಳ ಕೈಗೆ ಕೊಟ್ಟ.

ಪಕ್ಕದವಳು ಹೌದಕ್ಕ. ಇಪ್ಪತ್ತು ವರ್ಷದ ನೌಕರಿಯಲ್ಲಿ ಆಕೆ ಯಾರಿಗೂ ಇಲ್ಲ ಎಂದವಳಲ್ಲ. ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಮರುಕ್ಷಣ "ಅಯ್ಯಯ್ಯೋ ಸತ್ತೆ!" ಎಂದು ಕಿರುಚಿ ಕುರ್ಚಿಯಿಂದ ಎಗರಿದಳು. ಕಾಫಿ ಮ್ಯಾನೇಜರರ ಬಿಳಿ ಅಂಗಿಯ ಮೇಲೆ ಹೊಟ್ಟೆಯಿಂದ ಜೇಬಿನವರೆಗೆ ಹರಡಿಕೊಂಡಿತು.

"ಯಾರ್ರೀ ಇಷ್ಟು ಜೋರಾಗಿ ಇಟ್ಟಿದ್ದು?" ಮ್ಯಾನೇಜರರು ಅಂಗಿಯನ್ನು ಮೈಯಿಂದ ದೂರ ಹಿಡಿದುಕೊಂಡು ಗುಡುಗಿದರು.

ಎಲ್ಲರ ಕಣ್ಣೂ ಕಿವಿರಾಯನ ಮೇಲೆ. ಇಂಥ ಹೊತ್ತಿನಲ್ಲಿ ಬಾಯಿಗೆ ಬರುವುದು ಒಂದೋ ಸುಳ್ಳು, ಇಲ್ಲವೇ ಸತ್ಯ. ಅವನ ಬಾಯಿಗೆ ಬಂದದ್ದು ಯಾವುದೆಂದು ಅವನಿಗೇ ತಿಳಿಯಲಿಲ್ಲ.

"ಎಡಗಡೆ ಸ್ವಲ್ಪ ಮಂದ ಸಾರ್. ಅದಕ್ಕೇ ಏರಿಸಿದೆ."

ಮ್ಯಾನೇಜರರು ಹೌದಕ್ಕನ ಕಡೆ ತಿರುಗಿದರು. ಅವಳ ಎರಡೂ ಕಿವಿಗಳು ಇನ್ನೂ ಗುಂಯ್‌ಗುಡುತ್ತಿದ್ದವು. "ಹೌದು ಸಾರ್, ಹೌದು. ಎಡಗಡೆ ಮಂದವೇ," ಎಂದಳು.

"ನಾನೂ ನಿನ್ನೆನೇ ಗಮನಿಸಿದ್ದೆ," ಎಂದ ಬೇಸಣ್ಣ. ಎರಡು ನಿಮಿಷದ ಹಿಂದೆ ಅದನ್ನು ಗುಡುಗಿಗೆ ಹೋಲಿಸಿದ್ದು ಅವನಿಗೆ ನೆನಪೇ ಇದ್ದಂತಿರಲಿಲ್ಲ. "ಬಾವಿ ಒಳಗಿಂದ ಮಾತಾಡಿದ ಹಾಗಿದೆ. ಕಿವಿರಾಯರ ಕಿವಿ ಅಂದ್ರೆ ಸುಮ್ನೇನಾ!"

ಎರಡನೆಯದು ಕೆಂಪು. ಇದನ್ನಾದರೂ ಹೊಗಳಿ ಬಚಾವಾಗೋಣ ಎಂದು ಕಿವಿರಾಯ, "ಇದು ಸೊಗಸಾಗಿದೆ ಸಾರ್," ಎಂದ.

"ಹೌದಾ? ಹಾಗಾದ್ರೆ ಆ ಹೆಂಗಸು ಕೊನೇಲಿ ಏನಂದ್ಲು, ಹೇಳಿ."

ಹೆಂಗಸು ಏನೋ ಅಂದಿದ್ದಳು, ಅದು ನಿಜ. "ಬಲಗಡೆ ಸೊಗಸು ಅಂದೆ ಸಾರ್. ಎಡಗಡೆ ಇದೂ ಮಂದವೇ."

ಬಿಳಿಯದರ ಹೊತ್ತಿಗೆ ಎಲ್ಲರಿಗೂ ಉತ್ತರ ಬಾಯಿಪಾಠವಾಗಿತ್ತು. ಕಿವಿರಾಯ ಬಾಯಿ ತೆರೆಯುವ ಮೊದಲೇ ಕಿಟಕಿಯ ಪಕ್ಕದವನು, "ಎಡಗಡೆ ಮಂದ," ಎಂದ. ಕೇಳುಗರೆಲ್ಲ ಒಬ್ಬರಾದ ಮೇಲೆ ಒಬ್ಬರು ಮೂರನ್ನೂ ಕಿವಿಗೆ ಏರಿಸಿ, ಹುಬ್ಬು ಗಂಟಿಕ್ಕಿ, ತಲೆಯಾಡಿಸಿ, ಮಂದವೆಂದೇ ಸಾರಿದರು. ಎರಡೂ ಕಡೆ ಚೆನ್ನಾಗಿ ಕೇಳಿಸುತ್ತಿದ್ದವರು ತಮಗೇ ಏನೋ ಗೊತ್ತಾಗುತ್ತಿಲ್ಲವೆಂದು ಹೆದರಿ ಇನ್ನೂ ಗಟ್ಟಿಯಾಗಿ ಹೇಳಿದರು. ಕಿವಿರಾಯನಿಗೆ ಎದುರಾಡಿ ನಗೆಪಾಟಲಾಗುವುದು ಯಾರಿಗೆ ಬೇಕಿತ್ತು?

ಕಂಪನಿಯಲ್ಲಿ ಕೇಳಿದ್ದಕ್ಕೆಲ್ಲ ರುಜು ಹಾಕಬೇಕೆಂಬ ಪದ್ಧತಿಯಿದೆ. "ನನ್ನ ಸ್ವಂತ ಕಿವಿಯಿಂದ ಕೇಳಿ ದೃಢೀಕರಿಸಿದ್ದೇನೆ" ಎಂದು ಅಚ್ಚಾದ ಹಾಳೆಯ ಕೆಳಗೆ ಹನ್ನೆರಡು ಜನರೂ ರುಜು ಹಾಕಿದರು. ತನಗಾಗಿ ಹನ್ನೊಂದು ಜನ ಸುಳ್ಳು ಹೇಳುತ್ತಿರುವುದನ್ನು ನೋಡಿ ಕಿವಿರಾಯನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ನಾಚಿಕೆಯಾಯಿತು. ಇಷ್ಟು ವರ್ಷ ಇವರು ರೆಕಾರ್ಡಿಂಗುಗಳನ್ನೂ ಹೀಗೇ ಕೇಳಿರಬಹುದೇ ಎಂಬ ಯೋಚನೆಯೂ ಬಂತು.

ಮ್ಯಾನೇಜರರು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಕಾಫಿ ಕಲೆಯ ಅಂಗಿಯಲ್ಲೂ ಅವರ ಬುದ್ಧಿ ಚುರುಕಾಗಿತ್ತು.

"ಮೂರು ಕಂಪನಿ, ಮೂರು ಕಾರ್ಖಾನೆ. ಮೂರರಲ್ಲೂ ಎಡಗಡೆ ಮಂದ. ಇದು ಸಾಧ್ಯನಾ?" ಎಂದರು. "ಸಾಧ್ಯ ಇಲ್ಲ. ಅಂದ್ರೆ ದೋಷ ಇರೋದು ಇಯರ್‌ಫೋನಲ್ಲಿ ಅಲ್ಲ, ನಿಮ್ಮ ಕಿವೀಲಿ. ಹನ್ನೆರಡೂ ಜನಕ್ಕೆ ಎಡಗಿವಿ ಹೋಗಿದೆ! ಎರಡು ಗಂಟೆಗೆ ಕಿವಿ ಡಾಕ್ಟರನ್ನ ಇಲ್ಲಿಗೇ ಕರೆಸ್ತೀನಿ."

ಊಟದ ಹೊತ್ತಿನಲ್ಲಿ ಹೌದಕ್ಕ ಕಿವಿರಾಯನ ಎದುರು ಬಂದು ಕೂತಳು.

"ನಿಜ ಹೇಳಿಬಿಡಿ. ನಿಮಗೆ ನಿಜವಾಗ್ಲೂ ಮಂದ ಅನ್ನಿಸ್ತಾ?"

"ನಿಮಗೆ?" ಎಂದ ಕಿವಿರಾಯ.

"ನನಗೆ ಏನ್ರೀ ಗೊತ್ತು, ನೀವು ಅಂದ್ರಿ, ನಾನು ಹೌದು ಅಂದೆ. ಈಗ ನನ್ನ ಕಿವಿ ಸರಿ ಇದೆ ಅಂತ ಬಂದ್ರೆ ಸುಳ್ಳು ರುಜು ಹಾಕಿದಳು ಅಂತಾರೆ. ಸರಿ ಇಲ್ಲ ಅಂತ ಬಂದ್ರೆ ಕೆಲಸ ಹೋಗತ್ತೆ. ಹಾಳಾದವರೇ, ಎಲ್ಲಿ ತಂದು ನಿಲ್ಲಿಸಿದ್ರಿ!"

ಕಿವಿರಾಯನಿಗೆ ಅವಳ ಕಾಲು ಹಿಡಿಯಬೇಕೆನ್ನಿಸಿತು. ಹಿಡಿದರೆ ಗುಟ್ಟು ಹೊರಬೀಳುತ್ತದೆ. ಸುಮ್ಮನೆ ಡಬ್ಬಿ ಮುಚ್ಚಿದ.

ಡಾಕ್ಟರಮ್ಮ ಒಂದು ಪೆಟ್ಟಿಗೆಯಂಥ ಯಂತ್ರದೊಂದಿಗೆ ಬಂದರು. ಸಣ್ಣ ಕೋಣೆ, ಎರಡು ಕುರ್ಚಿ. ಸದ್ದು ಕೇಳಿದಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಹನ್ನೊಂದು ಜನ ಒಳಗೆ ಹೋಗಿ ಹನ್ನೊಂದು ತರದ ಮುಖ ಹೊತ್ತು ಹೊರಬಂದರು. ಹೊರಬಂದವರ ಮಾತು ಕೇಳಿ ಕಿವಿರಾಯ ಇದಕ್ಕೊಂದು ಉಪಾಯ ಹೂಡಿದ್ದ. ಬಲಗಿವಿಯ ಪರೀಕ್ಷೆಯಲ್ಲಿ ಸದ್ದುಗಳ ನಡುವಿನ ಅಂತರವನ್ನು ಮನಸ್ಸಿನಲ್ಲೇ ಎಣಿಸಿ, ಎಡಗಿವಿಗೂ ಅದೇ ಲೆಕ್ಕದಲ್ಲಿ ಒತ್ತುವುದು ಎಂದು.

ಬಲಗಿವಿ ಮುಗಿಯಿತು. ಡಾಕ್ಟರಮ್ಮ, "ಈಗ ಎಡ," ಎಂದರು. ಕಿವಿರಾಯ ಕಣ್ಣು ಮುಚ್ಚಿ ಎಣಿಸತೊಡಗಿದ. ನಾಲ್ಕಕ್ಕೆ ಒತ್ತಿದ. ಎಂಟಕ್ಕೆ ಒತ್ತಿದ. ಹನ್ನೆರಡಕ್ಕೆ ಒತ್ತಿದ. ತನ್ನ ಬುದ್ಧಿಗೆ ತಾನೇ ಮೆಚ್ಚಿ ಹದಿನಾರಕ್ಕೂ ಒತ್ತಿ ಕಣ್ಣು ಬಿಟ್ಟ. ಡಾಕ್ಟರಮ್ಮ ಕೈ ಕಟ್ಟಿಕೊಂಡು ಕೂತಿದ್ದರು.

"ನಾನಿನ್ನೂ ಸ್ವಿಚ್ಚೇ ಹಾಕಿಲ್ಲವಲ್ಲಾ," ಎಂದರು.

ಕಿವಿರಾಯ ಗುಂಡಿಯನ್ನು ಮೇಜಿನ ಮೇಲಿಟ್ಟ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

ನಾಲ್ಕು ಗಂಟೆಗೆ ಮ್ಯಾನೇಜರರ ಕೋಣೆಯಿಂದ ಕರೆ ಬಂತು. ಹೋಗುವಾಗ ಯಾರೂ ತಲೆಯೆತ್ತಲಿಲ್ಲ.

"ಕೂತ್ಕೊಳ್ಳಿ," ಎಂದರು ಮ್ಯಾನೇಜರರು. ಮುಂದೆ ಹನ್ನೆರಡು ವರದಿಗಳಿದ್ದವು. "ಹನ್ನೊಂದು ಜನಕ್ಕೆ ಎರಡೂ ಕಿವಿ ಸ್ಪಷ್ಟವಾಗಿ ಕೇಳತ್ತೆ. ಆದ್ರೂ ಕೇಳಲ್ಲ ಅಂತ ರುಜು ಹಾಕಿದಾರೆ. ಇಡೀ ಕಚೇರಿಯಲ್ಲಿ ನಿಜ ಹೇಳಿದವರು ನೀವೊಬ್ಬರೇ."

ಕಿವಿರಾಯನಿಗೆ ಅಳು ತಡೆಯಲಾಗಲಿಲ್ಲ. "ಇಲ್ಲ ಸಾರ್. ಒಂದು ವರ್ಷದಿಂದ ಮುಚ್ಚಿಟ್ಟಿದೀನಿ. ಆದ್ರೆ ಕೆಲಸದಲ್ಲಿ ಮೋಸ ಮಾಡಿಲ್ಲ. ಎರಡೆರಡು ಸಲ ಕೇಳಿ ಬರೆದಿದೀನಿ. ಗ್ರಾಹಕರ ಒಂದು ಮಾತೂ ಬಿಟ್ಟಿಲ್ಲ. ನನ್ನ ಕುರ್ಚಿ ಕಿತ್ಕೋಬೇಡಿ ಸಾರ್."

"ಒಂದು ಮಾತೂ ಬಿಟ್ಟಿಲ್ವಾ?" ಮ್ಯಾನೇಜರರ ಮುಖ ಕಹಿಯಾಯಿತು. "ಅದಕ್ಕೇ ನಿಮ್ಮ ಫೈಲುಗಳೇ ಎಲ್ಲರಿಗಿಂತ ದಪ್ಪ. ಇರಲಿ, ಇನ್ಮೇಲೆ ಆ ಕಷ್ಟ ಬೇಡ. ಕೇಳುಗರ ಕೆಲಸ ನಿಮಗೆ ಮುಗೀತು."

ಕಿವಿರಾಯನಿಗೆ ಮನೆಯಲ್ಲಿ ಹೆಂಡತಿ ಬಾಗಿಲಲ್ಲಿ ನಿಂತು ಮುಖ ನೋಡುವುದು ಕಣ್ಣೆದುರು ಬಂತು.

"ಅಳ್ತೀರೇಕೆ? ಕೆಳಗಿನ ಕೌಂಟರಿಗೆ ನಿಮ್ಮನ್ನ ಮುಖ್ಯಸ್ಥ ಮಾಡಿದೀನಿ. ಸಂಬಳ ಜಾಸ್ತಿ." ಮ್ಯಾನೇಜರರು ಮುಂದಕ್ಕೆ ಬಾಗಿದರು. "ಅಲ್ಲಿಗೆ ಜನ ನೇರವಾಗಿ ಬಂದು ಗೋಳು ಹೇಳ್ಕೋತಾರೆ. ಕಿವಿ ಚೆನ್ನಾಗಿರೋರನ್ನ ಅಲ್ಲಿ ಕೂರಿಸಿ ಸಾಕಾಗಿದೆ. ಒಬ್ಬ ಮೂರೇ ತಿಂಗಳಿಗೆ ಬಿಟ್ಟುಹೋದ. ಇನ್ನೊಬ್ಬಳು ಕೇಳ್ತಾ ಕೇಳ್ತಾ ಕರಗಿ, ಬಂದವರ ಅರ್ಜಿ ಎಲ್ಲ ಮಂಜೂರು ಮಾಡಿಬಿಟ್ಲು. ನಿಮ್ಮಂಥವರು ಸಿಗೋದು ನಮ್ಮ ಪುಣ್ಯ. ಈಗಲೇ ಹೋಗಿ ಕೂತ್ಕೊಳ್ಳಿ."

ಕೆಲಸ ಹೋಗಲಿಲ್ಲವೆಂದು ಸಂತೋಷಪಡಬೇಕೋ, ಅದು ಉಳಿದ ರೀತಿಗೆ ಅಳಬೇಕೋ ತಿಳಿಯದೆ ಅವನು ಮೆಟ್ಟಿಲಿಳಿದ. ಕೌಂಟರಿನ ಗಾಜಿನಲ್ಲಿ ಮಾತಿಗೆಂದು ಕೊರೆದ ತೂತು ಅವನ ಎಡಗಡೆಗಿತ್ತು. ಬಲಕ್ಕೆ ಗೋಡೆ. ಕುರ್ಚಿಯನ್ನು ನೆಲಕ್ಕೆ ಬಿಗಿದಿದ್ದರು.

ಮೊದಲು ಬಂದವನು ಅವನದೇ ವಯಸ್ಸಿನ ಒಬ್ಬ ದರ್ಜಿ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಬೆರಳುಗಳಿಗೆಲ್ಲ ಬ್ಯಾಂಡೇಜು. ಗಾಜಿನ ಆಚೆ ಅವನ ತುಟಿ ಅಲ್ಲಾಡಿದವು, ಕಣ್ಣು ತುಂಬಿದವು. ಕಿವಿರಾಯನಿಗೆ ಬರೀ ಗುಜುಗುಜು.

ಈ ಮನುಷ್ಯನ ಮಾತನ್ನಾದರೂ ಬಿಡಬಾರದು ಎನ್ನಿಸಿತು ಅವನಿಗೆ. ಕುರ್ಚಿಯ ತುದಿಗೆ ಸರಿದು, ಸೊಂಟ ಹೊರಳಿಸಿ, ಕತ್ತನ್ನು ಸಾಧ್ಯವಾದಷ್ಟು ಎಡಕ್ಕೆ ತಿರುಗಿಸಿ ಬಲಗಿವಿಯನ್ನು ಆ ತೂತಿಗೆ ಒತ್ತಿ ಹಿಡಿದ. ಕಣ್ಣೆದುರಿಗೆ ಈಗ ಎಡಗಡೆಯ ಗೋಡೆ ಮಾತ್ರ ಇತ್ತು. ಆದರೆ ಮಾತು ಕೇಳಿಸಿತು, ಒಂದಕ್ಷರ ಬಿಡದೆ, ಸ್ಪಷ್ಟವಾಗಿ.

"ಇಷ್ಟು ಹೇಳ್ತಾ ಇದೀನಿ, ಮುಖ ತಿರುಗಿಸ್ಕೊಂಡು ಕೂತ್ರಲ್ಲ ಸ್ವಾಮಿ. ನಿಮಗೂ ಹೆಂಡತಿ ಮಕ್ಕಳು ಇರಬಹುದು. ನಿಮ್ಮ ದುಡ್ಡೂ ಬೇಡ, ನಿಮ್ಮ ಸಹವಾಸವೂ ಬೇಡ."

ಕಿವಿರಾಯ ಗಡಬಡಿಸಿ ಈಚೆ ತಿರುಗುವಷ್ಟರಲ್ಲಿ ದರ್ಜಿ ಅರ್ಜಿಯನ್ನು ಅಲ್ಲೇ ಬಿಟ್ಟು ಬಾಗಿಲು ದಾಟಿದ್ದ. ಮೆಟ್ಟಿಲ ಮೇಲೆ, ಅಂಗಿ ಬದಲಿಸಿಕೊಂಡು ಬಂದಿದ್ದ ಮ್ಯಾನೇಜರರು ನಿಂತು ಎಲ್ಲವನ್ನೂ ನೋಡಿದ್ದರು.

"ಭೇಷ್," ಎಂದರು. "ಮೊದಲನೇ ದಿನಾನೇ ಇಷ್ಟು ಚೆನ್ನಾಗಿ ಕಲಿತುಬಿಟ್ರಲ್ಲ!"