ಕುಂಕುಮ ಬಿದ್ದ ವೋಟು

ನಾನು ಹಟಮಾರಿ ಅಲ್ಲ. ಈ ಮಾತನ್ನು ನಮ್ಮ ಮನೆಯಲ್ಲಿ ಹೇಳಿದರೆ ನಗುತ್ತಾರೆ, ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸೋಫಾದ ಬಣ್ಣ, ಮಗಳ ಹೆಸರು, ಮಿಲ್ಪಿಟಾಸಿನ ಈ ಟೌನ್‌ಹೌಸು, ಎಲ್ಲದರಲ್ಲೂ ನಾನು ಬಿಟ್ಟುಕೊಟ್ಟವಳೇ. ಹೋಗಲಿ, ಸೋಫಾ ಯಾವ ಬಣ್ಣದ್ದಾದರೇನು, ಕೂತವರಿಗೆ ಕಾಣುವುದಿಲ್ಲ. ಆದರೆ ಮೊನ್ನೆ ನವೆಂಬರಿನಲ್ಲಿ ಒಂದು ಹಾಳೆ ಕಾಗದದ ವಿಷಯದಲ್ಲಿ ಮಾತ್ರ ನಾನು ಗಂಡನಿಗೂ ಬಗ್ಗಲಿಲ್ಲ, ದೇವರಿಗೂ ಬಗ್ಗಲಿಲ್ಲ. ಬಗ್ಗದೆ ಇದ್ದದ್ದಕ್ಕೆ ಈಗಲೂ ಒಂದಿಷ್ಟೂ ಪಶ್ಚಾತ್ತಾಪವಿಲ್ಲ.

ಈ ಕ್ಯಾಲಿಫೋರ್ನಿಯಾದಲ್ಲೊಂದು ಪದ್ಧತಿಯಿದೆ. ಶಾಸಕರನ್ನು ಆರಿಸಿ ಕಳಿಸಿದರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. ಇಂಥದೊಂದು ಕಾನೂನು ಬೇಕೋ ಬೇಡವೋ ಅಂತ ನೇರವಾಗಿ ಜನರನ್ನೇ ಕೇಳುತ್ತಾರೆ. ದೊಡ್ಡ ಚುನಾವಣೆಯ ವರ್ಷಗಳಲ್ಲಿ ಆ ಪ್ರಶ್ನೆಗಳ ಪಟ್ಟಿ ಮದುವೆ ಮನೆಯ ಸಾಮಾನಿನ ಚೀಟಿಯಷ್ಟು ಉದ್ದ ಇರುತ್ತದೆ. ಈ ಸಲದ್ದು ಹಾಗಲ್ಲ. ಅಧ್ಯಕ್ಷರ ಚುನಾವಣೆಯಿಲ್ಲ, ಗವರ್ನರ್ ಚುನಾವಣೆಯಿಲ್ಲ. ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆ, ಅದರ ಮುಂದೆ ಎರಡು ಸೊನ್ನೆ. ಹೌದು ಅನ್ನುವವರು ಒಂದನ್ನು ಕಪ್ಪು ಮಾಡಬೇಕು, ಇಲ್ಲ ಅನ್ನುವವರು ಇನ್ನೊಂದನ್ನು. ಪ್ರಶ್ನೆ ಏನಿತ್ತು ಅಂತ ಕೇಳುತ್ತೀರಾ? ಹೇಳುವುದಿಲ್ಲ. ಹೇಳಿದೆನೋ, ಮರುಕ್ಷಣವೇ ನಾನು ಯಾವ ಕಡೆಯವಳು ಅಂತ ನೀವು ಊಹೆ ಶುರು ಮಾಡುತ್ತೀರಿ. ಈಗಾಗಲೇ ಊಹೆ ಮಾಡುವವರ ಕಾಟ ನನಗೆ ಸಾಕಾಗಿದೆ.

ನಮ್ಮವರು ಇಲ್ಲಿನ ಪ್ರಜೆಯಾಗಿ ಏಳೆಂಟು ವರ್ಷವಾಯಿತು. ನಾನು ಮಾತ್ರ ಭಾರತದ ಆ ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಲು ಮನಸ್ಸಾಗದೆ ಮುಂದೂಡುತ್ತಾ ಬಂದು, ಹೋದ ವರ್ಷ ಪ್ರಮಾಣ ಮಾಡಿದೆ. ಹಾಗಾಗಿ ಇದು ನನ್ನ ಮೊದಲನೇ ವೋಟು. ಬರ್ಕ್ಲಿಯಲ್ಲಿ ಓದುತ್ತಿರುವ ಮಗಳು ಸ್ಫೂರ್ತಿಗೂ ಹದಿನೆಂಟು ತುಂಬಿ ಇದೇ ಮೊದಲನೆಯದು. ನಮ್ಮವರಿಗೆ ಇದೇನೂ ಹೊಸದಲ್ಲ. ಅವರದೊಂದು ಏರ್ಪಾಡಿದೆ. ಮಂಡ್ಯ-ಹಾಸನದ ಗೆಳೆಯರ ಗುಂಪಿನಲ್ಲಿ ಚಂದ್ರಣ್ಣ ಅಂತ ಹಿರಿಯರೊಬ್ಬರಿದ್ದಾರೆ. ಚುನಾವಣೆ ಬಂತೆಂದರೆ ಅವರು ಯಾವುದಕ್ಕೆ ಏನು ಹಾಕಬೇಕು ಅಂತ ಒಂದು ಚೀಟಿ ಬರೆದು ಫೋನಿಗೆ ಕಳಿಸುತ್ತಾರೆ. ಗಂಡಸರೆಲ್ಲ ಅದನ್ನು ನೋಡಿಕೊಂಡು ಅಂಚೆಯಲ್ಲಿ ಮನೆಗೆ ಬಂದ ಮತಪತ್ರಗಳಲ್ಲಿ ಮೊದಲು ತಮ್ಮದನ್ನು, ಆಮೇಲೆ ಹೆಂಡತಿಯರದನ್ನು ತುಂಬಿ, ಸಹಿ ಮಾತ್ರ ಅವರಿಂದ ಹಾಕಿಸಿ ಅಂಚೆಗೆ ಬಿಡುತ್ತಾರೆ. ಈ ಸಲ ಒಂದೇ ಪ್ರಶ್ನೆ ಇದ್ದರೂ ಚೀಟಿ ಬಂತು. ನನ್ನ ಹೆಸರಿನ ಲಕೋಟೆ ಬಂದ ದಿನ ನಮ್ಮವರು ಅದನ್ನು ತಾವೇ ಒಡೆದು, ಪೆನ್ನು ಹಿಡಿದು, "ನಿಂದೂ ನಾನೇ ತುಂಬ್ಬಿಡ್ತೀನಿ ಕಣೇ, ನೀನೊಂದು ಸೈನ್ ಹಾಕು ಸಾಕು," ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ತೆರಿಗೆ ಫಾರಮ್ಮು, ಇನ್ಶೂರೆನ್ಸು, ಮಗಳ ಕಾಲೇಜಿನ ಅರ್ಜಿ, ಎಲ್ಲವನ್ನೂ ಅವರೇ ತುಂಬುವುದು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಪೆನ್ನು ಕಿತ್ತುಕೊಂಡೆ.

ಅದಕ್ಕೆ ಕಾರಣ ನಮ್ಮಜ್ಜಿ. ಮಂಡ್ಯದ ಹತ್ತಿರದ ಊರಲ್ಲಿ ಎಲೆಕ್ಷನ್ನಿನ ದಿನ ನಮ್ಮ ತಾತ ಮನೆಯ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಇಂಥ ಗುರುತಿಗೇ ಒತ್ತಬೇಕು ಅಂತ ಕಟ್ಟಪ್ಪಣೆ ಮಾಡುತ್ತಿದ್ದರಂತೆ. ಎಲ್ಲರೂ ಹೂಂಗುಟ್ಟಿ ಹೋಗುತ್ತಿದ್ದರು. ತಾತ ಸಾಯುವವರೆಗೂ ತಮ್ಮ ಮನೆಯ ಏಳು ವೋಟೂ ಒಂದೇ ಗುರುತಿನವು ಅಂತ ಎದೆಯುಬ್ಬಿಸಿಕೊಂಡು ಓಡಾಡಿದರು. ಅವರು ಹೋಗಿ ವರ್ಷದ ತಿಥಿಯೂ ಕಳೆದ ಮೇಲೆ, ಒಂದು ದಿನ ಅಜ್ಜಿ ಅವರೆಕಾಯಿ ಬಿಡಿಸುತ್ತಾ ನನಗೆ ಗುಟ್ಟು ಹೇಳಿದಳು. ಒಂದು ಸಲವೂ ಅವಳು ತಾತ ಹೇಳಿದ ಗುರುತಿಗೆ ಒತ್ತಿರಲಿಲ್ಲವಂತೆ. "ಒಳಕ್ ಹೋದ್ಮೇಲೆ ನಾನುಂಟು, ಆ ಮೊಹರುಂಟು ಕಣವ್ವ. ಯಾವನ್ ಬಂದ್ ನೋಡ್ತಾನೆ?" ಅಂದು, ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದಳು.

ಯೋಚಿಸಿ ನೋಡಿ. ಅಕ್ಷರ ಬಾರದ ಅಜ್ಜಿಗೆ ಒಂದು ಗೋಣಿತಾಟಿನ ಪರದೆಯಾದರೂ ಇತ್ತು. ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದ ನನಗೆ ಸಿಕ್ಕಿದ್ದು ಡೈನಿಂಗ್ ಟೇಬಲ್ಲು. ವೋಟು ಅಂಚೆಯಲ್ಲಿ ಮನೆಗೇ ಬರುತ್ತದೆ, ಎಷ್ಟು ಅನುಕೂಲ ಅಂತ ಎಲ್ಲರೂ ಹೊಗಳುತ್ತಾರೆ. ಮನೆಗೆ ಬಂದದ್ದು ಮನೆಯವರೆಲ್ಲರದೂ ಆಗಿಬಿಡುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನಾನು ಲಕೋಟೆಯನ್ನು ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ನಮ್ಮ ಮನೆಯಲ್ಲಿ ಗಂಡಸರ ಕೈ ತಲುಪದ ಜಾಗ ಅದೊಂದೇ.

ಸರಕಾರದವರು ಕಳಿಸಿದ್ದ ಪುಸ್ತಕವನ್ನು ಮೂರು ದಿನ ಓದಿದೆ. ಅದರಲ್ಲಿ ಪರವಾಗಿರುವವರದು ಒಂದು ವಾದ, ಅದಕ್ಕೆ ಎದುರಾಳಿಗಳ ಉತ್ತರ. ವಿರೋಧಿಸುವವರದು ಒಂದು ವಾದ, ಅದಕ್ಕೆ ಪರವಾಗಿರುವವರ ಉತ್ತರ. ಒಂದು ಅಡುಗೆಮನೆಯಲ್ಲಿ ಇಬ್ಬರು ಓರಗಿತ್ತಿಯರು ಜಗಳವಾಡಿದ ಹಾಗಿತ್ತು. ಇವಳ ಮಾತು ಕೇಳಿದರೆ ಇವಳದೇ ಸರಿ, ಅವಳ ಮಾತು ಕೇಳಿದರೆ ಅಯ್ಯೋ ಪಾಪ ಅವಳದೂ ಸರಿ. ಟೀವಿ ಹಾಕಿದರೆ ಜಾಹೀರಾತುಗಳಲ್ಲೂ ಅದೇ ಜಗಳ. ಆಫೀಸಿನಲ್ಲಿ ಸರ್ಕಿಟ್ ಬೋರ್ಡುಗಳನ್ನು ಭೂತಗನ್ನಡಿ ಹಿಡಿದು ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಸುಗೆಯ ಒಂದು ಹನಿ ಆಚೀಚೆಯಾದರೂ ಬೋರ್ಡನ್ನು ಪಕ್ಕಕ್ಕೆಸೆಯಬೇಕು. ಅದೇ ಕಣ್ಣಿನಲ್ಲಿ ಪುಸ್ತಕ ಓದಿದೆ. ನಾಲ್ಕನೇ ದಿನ ನನಗೆ ನನ್ನದೇ ಒಂದು ಅಭಿಪ್ರಾಯ ಬಂತು. ಅದು ಚಂದ್ರಣ್ಣನವರ ಚೀಟಿಗೆ ಸರಿಯಾಗಿ ಉಲ್ಟಾ ಇತ್ತು. ನಿಜ ಹೇಳುತ್ತೇನೆ, ಬೇಕಂತ ಮಾಡಿದ್ದಲ್ಲ. ಆದರೂ ಸಂತೋಷವಾಯಿತು.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಸೊನ್ನೆಯನ್ನು ಕಪ್ಪು ಮಾಡಿದೆ. ಅಷ್ಟಕ್ಕೇ ಲಕೋಟೆಗೆ ಹಾಕಿ ಅಂಟಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾವು ಹೊಸ ಕಾರಿಗೆ, ಹೊಸ ಸೀರೆಗೆ, ಮದುವೆಯ ಕರೆಯೋಲೆಗೆ ಅರಿಶಿನ ಕುಂಕುಮ ಹಚ್ಚದೆ ಮುಂದಕ್ಕೆ ಹೋಗುವವರಲ್ಲ. ಮೊದಲನೇ ವೋಟು ಬೋಳಾಗಿ ಹೋಗುವುದೇ? ಲಕೋಟೆಯ ನಾಲ್ಕು ಮೂಲೆಗೆ ಹಚ್ಚೋಣ ಅಂದುಕೊಂಡೆ. ಮತಪತ್ರಕ್ಕೆ ಹಚ್ಚಬಾರದು ಅನ್ನುವ ಬುದ್ಧಿ ನನಗಿತ್ತು, ದಯವಿಟ್ಟು ಗಮನಿಸಿ. ಅದನ್ನು ಬಿಚ್ಚಿ ದೇವರ ಮುಂದೆ ಇಟ್ಟದ್ದು, ಗಂಡನಿಗೆ ತೋರಿಸದಿದ್ದರೂ ವೆಂಕಟರಮಣನಿಗೊಬ್ಬನಿಗೆ ತೋರಿಸೋಣ ಅಂತ. ಕುಂಕುಮವನ್ನು ನೀರಿನಲ್ಲಿ ಕಲಸಿ ಬೆರಳನ್ನು ಲಕೋಟೆಯ ಕಡೆ ಒಯ್ಯುವಾಗ ಒಂದು ತೊಟ್ಟು ಕೆಳಗೆ ಬಿತ್ತು. ಎಲ್ಲಿ ಬಿತ್ತು ಅಂತೀರಿ? ಖಾಲಿ ಬಿಟ್ಟಿದ್ದ ಇನ್ನೊಂದು ಸೊನ್ನೆಯ ಮೇಲೆ. ಗೆರೆ ದಾಟದೆ, ಅಚ್ಚುಕಟ್ಟಾಗಿ, ಪೂರ್ತಿ. ನಾನು ಕಪ್ಪು ಮಾಡಿದ್ದಕ್ಕಿಂತ ಚೆನ್ನಾಗಿತ್ತು.

ಸೆರಗಿನಿಂದ ಒತ್ತಿದೆ, ಇನ್ನೂ ಕೆಂಪಾಯಿತು. ಅಷ್ಟರಲ್ಲಿ ನಮ್ಮವರು ಮಂಗಳಾರತಿಗೆ ಬಂದರು. ಕಾಗದ ನೋಡಿದರು, ನನ್ನ ಮುಖ ನೋಡಿದರು, ವೆಂಕಟರಮಣನ ಮುಖ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು. ನಾನು ಮುಚ್ಚಿಟ್ಟಿದ್ದೂ ಅರ್ಥವಾಯಿತು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವರು ಕೈಮುಗಿದರು. ದೇವರು ಕೂಡ ಚಂದ್ರಣ್ಣನ ಕಡೆಗೇ ಹಾಕಿದ್ದಾನೆ, ಇನ್ನು ಅದರ ಗೊಡವೆ ಬೇಡ, ಎರಡೂ ತುಂಬಿರುವುದನ್ನು ಚುನಾವಣೆಯವರು ಎಣಿಸುವುದಿಲ್ಲ, ಹಾಗೇ ಕಳಿಸಿಬಿಡು ಅಂದರು. ಇಡೀ ರಾಜ್ಯದಲ್ಲಿ ನಿನ್ನದೊಂದು ವೋಟಿನಿಂದ ಏನಾಗಬೇಕಿದೆ ಅಂತಲೂ ಸೇರಿಸಿದರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಒಂದು ವೋಟಿನಿಂದ ಏನೂ ಆಗಲ್ಲ ಅನ್ನೋದಾದ್ರೆ ನಿಮ್ದನ್ನ ಕಳಿಸ್ಬೇಡಿ. ಹರಿದಾಕಿ, ನೋಡೋಣ," ಅಂದೆ. ಅವರು ತಮ್ಮ ಲಕೋಟೆಯನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡರು. ದೇವರ ವಿಷಯವನ್ನೂ ಅಲ್ಲೇ ಇತ್ಯರ್ಥ ಮಾಡಿದೆ. ವೆಂಕಟರಮಣನ ಮೇಲೆ ನನಗೆ ಭಕ್ತಿ ಬೇಕಾದಷ್ಟಿದೆ, ಆದರೆ ಅವನು ಈ ದೇಶದ ಪ್ರಜೆಯಲ್ಲ, ಪ್ರಮಾಣ ಮಾಡಿದವನಲ್ಲ, ಅವನಿಗೆ ಇಲ್ಲಿ ವೋಟಿಲ್ಲ. ನನಗಿದೆ. ಹಾಗಂತ ಜೋರಾಗಿಯೇ ಹೇಳಿ, ಆಮೇಲೆ ಭಯವಾಗಿ ಕೆನ್ನೆ ಬಡಿದುಕೊಂಡೆ.

ಮತಪತ್ರ ಕೆಟ್ಟರೆ ಹಳೆಯದನ್ನು ಒಪ್ಪಿಸಿ ಹೊಸದನ್ನು ಪಡೆಯಬಹುದು ಅಂತ ಆ ಪುಸ್ತಕದ ಮೂಲೆಯಲ್ಲಿ ಓದಿದ್ದೆ. ಮಧ್ಯಾಹ್ನವೇ ಹತ್ತಿರದ ಲೈಬ್ರರಿಯಲ್ಲಿದ್ದ ಮತದಾನ ಕೇಂದ್ರಕ್ಕೆ ಹೊರಟೆ. ನಮ್ಮವರು ತಮ್ಮ ಲಕೋಟೆ ಪೆಟ್ಟಿಗೆಗೆ ಹಾಕಬೇಕು ಅಂತ ನೆಪ ಹೇಳಿ ಜೊತೆಗೆ ಬಂದರು. ಮೇಜಿನ ಹಿಂದೆ ಕೂತಿದ್ದ ಬೆಳ್ಳಿಕೂದಲಿನ ಹೆಂಗಸು ನನ್ನ ಕಾಗದ ನೋಡಿ ಗಾಬರಿಯಿಂದ, ಇದು ರಕ್ತವೇ ಅಂತ ಕೇಳಿದರು. ಅಲ್ಲ, ಪೂಜೆ ಅಂದೆ. ಅವರು ತಲೆಯಾಡಿಸಿ, ಕಾಫಿ ಬಿದ್ದದ್ದು ಬಂದಿದೆ, ನಾಯಿ ಕಚ್ಚಿದ್ದು ಬಂದಿದೆ, ದೇವರು ಬಿದ್ದದ್ದು ಇದೇ ಮೊದಲು ಅಂದರು. ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಟ್ಟು, ಮೂರು ಕಡೆ ರಟ್ಟು ನಿಲ್ಲಿಸಿದ್ದ ಒಂದು ಮೇಜು ತೋರಿಸಿದರು. ಅದರೊಳಗೆ ತಲೆ ಹಾಕಿದೆ. ಹಿಂದೆ ತಿರುಗಿ ನೋಡಿದರೆ ನಮ್ಮವರು ಮಕ್ಕಳ ಪುಸ್ತಕದ ಕಪಾಟಿನ ಹತ್ತಿರ ನಿಂತು ಕೊಕ್ಕರೆಯ ಹಾಗೆ ಕತ್ತು ಚಾಚಿದ್ದರು. ಏನೂ ಕಾಣಿಸುತ್ತಿರಲಿಲ್ಲ. ಅಜ್ಜಿಯ ನೆನಪಾಗಿ ಕಣ್ಣು ತುಂಬಿ ಬಂತು. ಕಣ್ಣೀರಾದರೂ ಕಾಗದದ ಮೇಲೆ ಬೀಳದಿರಲಿ ಅಂತ ದೂರ ಸರಿದು ಒರೆಸಿಕೊಂಡೆ.

ಕಾರಿನಲ್ಲಿ ಅವರು ಒಂದೆರಡು ಸಿಗ್ನಲ್ಲು ದಾಟುವವರೆಗೂ ತಡೆದುಕೊಂಡರು. ಆಮೇಲೆ, ಮೊದಲಿನದಕ್ಕೇ ಹಾಕಿದೆಯೋ ಅಥವಾ ದೇವರಿಗೆ ಹೆದರಿ ಬದಲಾಯಿಸಿದೆಯೋ ಅಂತ ಕೇಳಿದರು. "ಒಳಗೆ ಹೋದ್ಮೇಲೆ ನಾನುಂಟು, ಆ ಪೆನ್ನುಂಟು ರೀ," ಅಂದೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಚಂದ್ರಣ್ಣನವರಿಗೂ ಗೊತ್ತಿಲ್ಲ. ನಿಮಗೂ ಗೊತ್ತಾಗುವುದಿಲ್ಲ.

ಆ ಖುಷಿಯಲ್ಲೇ ಮನೆಗೆ ಬಂದು ಮಗಳಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಮುತ್ತಜ್ಜಿಯ ಮೊಹರಿನ ಕಥೆಯನ್ನೂ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಿನ್ನ ವೋಟು ಹಾಕಿದೆಯಾ ಅಂದೆ, ಹಾಕಿದೆ ಅಂದಳು. ಯಾವುದಕ್ಕೆ ಅಂದೆ. ಊಟ ಆಯ್ತಾ ಅಮ್ಮಾ ಅಂದಳು. ನಾನು ಪುಸ್ತಕ ಪೂರ್ತಿ ಓದಿದ್ದೇನೆ, ಸರಿಯಾದದ್ದಕ್ಕೇ ಹಾಕಿದೆ ತಾನೇ ಅಂದೆ. ಹೆತ್ತ ತಾಯಿಗೆ ಹೇಳಲು ಏನು ಕಷ್ಟ ಅಂದೆ. ಯಾರಿಗೂ ಹೇಳುವುದಿಲ್ಲ ಅಂತ ಆಣೆಯನ್ನೂ ಮಾಡಿದೆ.

"ಅಮ್ಮಾ, ಮುತ್ತಜ್ಜಿ ವುಡ್ ಬಿ ಸೋ ಪ್ರೌಡ್ ಆಫ್ ಮಿ," ಅಂದು ಫೋನಿಟ್ಟಳು.

ಪಕ್ಕದಲ್ಲೇ ಕೂತಿದ್ದ ನಮ್ಮವರು, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಗೊಣಗಿದ್ದು ಕೇಳಿಸಿತು. ಕೇಳಿಸದವಳ ಹಾಗೆ ಒಳಗೆ ಹೋಗಿ ಒಳ್ಳೆಯ ಕಾಫಿ ಮಾಡಿ ತಂದು ಅವರ ಕೈಗೆ ಕೊಟ್ಟು, ಹತ್ತಿರ ಕೂತು ಹೇಳಿದೆ: "ರೀ, ನೀವೊಂದು ಸಲ ಕೇಳಿ ನೋಡ್ರಿ. ನಿಮ್ಮತ್ರ ಆದ್ರೆ ಹೇಳ್ತಾಳೆ."